ಮುಂಬೈ ಮ್ಯೂಸಿಯಂ ಮುಂದೆ ನಿಂತರೆ ಗೋಳಗುಮ್ಮಟ ನೆನಪಾಯಿತು. ಈ ವಿಟೆಟ್ ಯಾರು?

ತಿರುಗಾಲ_ತಿಪ್ಪ
ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ಒಂದು ವಾರ ಮುಂಬೈಗೆ ಬಂದಿದ್ದೇನೆ. ಊರು ತುಮಕೂರು ಕಡೆ. ಭಾನುವಾರ ಬಿಡುವಿತ್ತು, ಫೋರ್ಟ್ ಕಡೆ ಕಾಲು ಹಾಕಿದೆ. ಹಳೆಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಇದೆಯಲ್ಲ, 1998ರಿಂದ ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯ, ಅದರ ತೋಟದಲ್ಲಿ ನಿಂತು ತಲೆ ಎತ್ತಿದರೆ ನಮ್ಮ ವಿಜಾಪುರದ ಗೋಳಗುಮ್ಮಟ! ಏಳನೇ ಕ್ಲಾಸಿನ ಟೂರಿನಲ್ಲಿ ನೋಡಿದ್ದು, ಇನ್ನೂ ಕಣ್ಣಲ್ಲೇ ಇದೆ.

ಕಟ್ಟಿದವರು ಜಾರ್ಜ್ ವಿಟೆಟ್ ಅಂತ ಗೊತ್ತಾಯಿತು. ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಗೆ ಹೋದೆ, ಅದೂ ವಿಟೆಟ್. ಸರ್ಕಲ್ ದಾಟಿದರೆ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಅದೂ ವಿಟೆಟ್. ಆದರೆ ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವೇ ಇಲ್ಲ. ಒಂದು ಸುಲ್ತಾನರ ಮಹಲಿನ ಹಾಗೆ, ಒಂದು ಗುಜರಾತಿನ ಹಾಗೆ, ಇನ್ನೊಂದು ಸೀದಾ ಯುರೋಪಿನದು. ಈ ಮನುಷ್ಯನಿಗೆ ತನ್ನದು ಅಂತ ಒಂದು ಶೈಲಿ ಇತ್ತಾ? ಇಲ್ಲ ಎಲ್ಲ ಕಡೆ ಕಾಪಿ ಹೊಡೆದು ಕಾಲ ಹಾಕಿದರಾ? ತಿಳಿದವರು ಹೇಳಿ.

ಸುಮ್ನೆ_ಓದೋನು
ಕಾಪಿ. ಮುಂದಿನ ಪ್ರಶ್ನೆ.

ಕಾಪು_ಟು_ಕಲ್ಯಾಣ್
ಎಂತ ಮಾರಾಯ್ರೆ, ಒಂದೇ ಮಾತಲ್ಲಿ ಮುಗಿಸಿಬಿಟ್ಟಿರಿ.

ತಿಪ್ಪಣ್ಣ, ನಾನು ಮೂವತ್ತು ವರ್ಷದಿಂದ ಇಲ್ಲಿದ್ದೇನೆ. ವಿಟೆಟ್ ಕೈ ಇಲ್ಲದ ದಾರಿ ಫೋರ್ಟಿನಲ್ಲಿ ಹುಡುಕುವುದೇ ಕಷ್ಟ. ನೀವು ಹೇಳಿದ ಮೂರು ಬಿಡಿ. ಬಲ್ಲಾರ್ಡ್ ಎಸ್ಟೇಟಿಗೆ ಹೋಗಿ ನೋಡಿ, ಅಲ್ಲಿ ಕಟ್ಟಡಗಳ ಎತ್ತರ, ಮುಖ ಎಲ್ಲ ಹೇಗಿರಬೇಕು ಅಂತ ಕಟ್ಟುಮಾಡಿದ್ದು ಅವರೇ. ಟಾಟಾದವರ ಬಾಂಬೆ ಹೌಸ್ ಅವರದು. ಪರೇಲಿನ ಕೆಇಎಂ ಆಸ್ಪತ್ರೆ, ಅದಕ್ಕೆ ಸೇರಿದ ಮೆಡಿಕಲ್ ಕಾಲೇಜು, ಅದೂ ಅವರದು. ನನ್ನ ಅಪ್ಪ ಬಲ್ಲಾರ್ಡ್ ಎಸ್ಟೇಟಿನ ಒಂದು ಆಫೀಸ್ ಕ್ಯಾಂಟೀನಿನಲ್ಲಿ ಚಾ ಕೊಡುತ್ತಿದ್ದರು. ಹಗಲು ಕ್ಯಾಂಟೀನ್, ರಾತ್ರಿ ಕನ್ನಡ ನೈಟ್ ಸ್ಕೂಲು. ಆ ರಸ್ತೆ ಲಂಡನ್ ಹಾಗೆ ಇದೆ ಅಂತ ಯಾರೋ ಸಾಹೇಬರು ಹೇಳಿದ್ದರಂತೆ. ಅಪ್ಪ ಸಾಯುವ ತನಕ ತಾನು ಲಂಡನ್ನಲ್ಲಿ ಕೆಲಸ ಮಾಡಿದವ ಅಂತ ತಮಾಷೆ ಮಾಡುತ್ತಿದ್ದರು.

ವಿಜಾಪುರ_ಹುಡುಗ
ಬ್ರಿಟಿಷರು ನಮ್ಮ ಗುಮ್ಮಟ ಎತ್ತಿಕೊಂಡು ಹೋಗಿ ತಮ್ಮ ಹೆಸರು ಹಾಕಿಕೊಂಡರು ಅಂತ ನಾನು ಎಷ್ಟು ಸಲ ಹೇಳಿದ್ದೇನೆ ಈ ಗುಂಪಿನಲ್ಲಿ. ಯಾರೂ ಕೇಳಲಿಲ್ಲ. ಈಗ ತುಮಕೂರಿನವರೇ ಸಾಕ್ಷಿ ಹೇಳಿದರು ನೋಡ್ರಿ.

ಗೆರೆ_ಮತ್ತು_ಅಳತೆ
ತಡೀರಿ ತಡೀರಿ. ಇಲ್ಲಿ ಎರಡು ಗುಮ್ಮಟ ಕಲಸಿಹೋಗಿವೆ.

ಮ್ಯೂಸಿಯಂ ಗುಮ್ಮಟದ ಹೊರಗಿನ ರೂಪಕ್ಕೆ ಮಾದರಿ ಅಂತ ಸಾಮಾನ್ಯವಾಗಿ ಹೇಳುವುದು ಗೋಲ್ಕೊಂಡವನ್ನು. ವಿಜಾಪುರದಿಂದ ಬಂದದ್ದು ಒಳಗೆ ಇದೆ, ಗುಮ್ಮಟವನ್ನು ಹೊತ್ತಿರುವ ಕಮಾನುಗಳಲ್ಲಿ. ತಿಪ್ಪಣ್ಣ, ನೀವು ತೋಟದಲ್ಲಿ ನಿಂತು ಗೋಳಗುಮ್ಮಟ ಕಂಡೆ ಅಂದಿರಿ. ನಡುಮನೆಗೆ ಹೋಗಿ ಕತ್ತು ಎತ್ತಿದ್ದರೆ ನಿಜವಾಗಿ ಕಾಣುತ್ತಿತ್ತು.

ಗೋಳಗುಮ್ಮಟದ ಗುಟ್ಟು ಏನು ಅಂತ ನೋಡಿ. ಕೆಳಗೆ ಚೌಕದ ಕೋಣೆ, ಪಕ್ಕ ಒಂದೊಂದೂ ಸುಮಾರು 41 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಮೇಲೆ ದುಂಡನೆಯ ಗುಮ್ಮಟ, ಹೊರ ಅಳತೆ ಸುಮಾರು 44 ಮೀಟರ್. ಚೌಕದ ಮೇಲೆ ದುಂಡು ಕೂರಿಸುವುದು ಹೇಗೆ? ಎರಡು ಚೌಕ ತೆಗೆದುಕೊಂಡು ಒಂದರ ಮೇಲೊಂದನ್ನು ಓರೆಯಾಗಿ ಇಟ್ಟ ಹಾಗೆ ಎಂಟು ಕಮಾನು ಎಬ್ಬಿಸಿದರು. ಒಂದು ಇನ್ನೊಂದನ್ನು ಕತ್ತರಿಸಿಕೊಂಡು ಹೋಗುತ್ತದೆ. ರಂಗೋಲಿಯಲ್ಲಿ ಎಂಟು ಮೂಲೆಯ ನಕ್ಷತ್ರ ಹಾಕುತ್ತೀವಲ್ಲ, ಅದೇ. ಆ ಹೆಣಿಗೆ ಒಳಕ್ಕೆ ಬಾಗುತ್ತಾ ಬಾಗುತ್ತಾ ದುಂಡು ಬಳೆ ಆಗುತ್ತದೆ. ಗುಮ್ಮಟ ತನ್ನ ಭಾರದಿಂದ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಈ ಕಲ್ಲಿನ ಭಾರ ಅದನ್ನು ಎಳೆದು ಹಿಡಿಯುತ್ತದೆ. ಆದಿಲ್ ಶಾಹಿ ಗವುಂಡಿಗಳ ಲೆಕ್ಕಾಚಾರ ಇದು, 1656ರ ಹೊತ್ತಿಗೆ. ನಮ್ಮ ಸಿವಿಲ್ ಮೇಷ್ಟ್ರು ಇದನ್ನು ಬೋರ್ಡ್ ಮೇಲೆ ಬರೆಯುವುದಕ್ಕೇ ಒಂದು ಪೀರಿಯಡ್ ತೆಗೆದುಕೊಂಡಿದ್ದರು, ಆಮೇಲೂ ಅರ್ಧ ಕ್ಲಾಸಿಗೆ ಅರ್ಥ ಆಗಿರಲಿಲ್ಲ.

ಹೊರಗಿನ ರೂಪ ಯಾರು ಬೇಕಾದರೂ ಕದಿಯಬಹುದು. ಈ ಹೆಣಿಗೆಯನ್ನು ತಿಳಿದುಕೊಳ್ಳದೆ ಬಳಸೋಕೆ ಆಗಲ್ಲ. ಅದಕ್ಕೇ ನನಗೆ ಕಾಪಿ ಅನ್ನುವ ಮಾತು ಒಪ್ಪಿಗೆ ಇಲ್ಲ.

ವಿಜಾಪುರ_ಹುಡುಗ
ಗೋಲ್ಕೊಂಡವಾ? ಅದನ್ನು ನಾನು ಒಪ್ಪಲ್ಲ.

ಗೆರೆ_ಮತ್ತು_ಅಳತೆ
ಒಪ್ಪಬೇಡಿ. ಆದರೆ ಒಳಗಿನ ಕಮಾನು ನಿಮ್ಮದೇ. ಕಟ್ಟಡದಲ್ಲಿ ಅದೇ ದೊಡ್ಡ ವಿಷಯ, ಸಮಾಧಾನ ಮಾಡಿಕೊಳ್ಳಿ.

ಮಾಟುಂಗಾ_ಮಾಮಿ
ಹೊರಗೂ ವಿಜಾಪುರವೇ ಬೇಕು ಅಂದರೆ ಜಿಪಿಒಗೆ ಹೋಗಿ ಮಗಾ. ವಿಟಿ ಸ್ಟೇಷನ್, ಈಗಿನ ಸಿಎಸ್‌ಎಂಟಿ, ಅದರ ಪಕ್ಕದ ದೊಡ್ಡ ಪೋಸ್ಟಾಫೀಸು. ಆ ಗುಮ್ಮಟಕ್ಕೆ ಗೋಳಗುಮ್ಮಟವೇ ಮಾದರಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಲ್ಲೇ ಹತ್ತಿರದ ಆಫೀಸಿನಲ್ಲಿ 26 ವರ್ಷ ಕೆಲಸ ಮಾಡಿದೆ. ಮಧ್ಯಾಹ್ನ ಊಟ ಆದಮೇಲೆ ರಿಜಿಸ್ಟರ್ ಪೋಸ್ಟ್ ಮಾಡುವ ನೆಪ ಹೇಳಿ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಆ ಗುಮ್ಮಟದ ಕೆಳಗೆ ಎಷ್ಟು ತಂಪು ಅಂತೀರಿ. ವಿಟೆಟ್ ಸಾಹೇಬರಿಗೆ ಅದಕ್ಕೇ ನನ್ನ ಕಡೆಯಿಂದ ಒಂದು ನಮಸ್ಕಾರ.

ಅಡ್ಡಬಾಯಿ
ಮಾಮಿ, ನಮಸ್ಕಾರ ತಪ್ಪು ವಿಳಾಸಕ್ಕೆ ಹೋಯಿತು. ಜಿಪಿಒ ಜಾನ್ ಬೆಗ್ ಅವರ ಡಿಸೈನ್. 1904ರಲ್ಲಿ ಕೆಲಸ ಶುರು, 1913ರಲ್ಲಿ ಮುಗಿಯಿತು. ಬೆಗ್ ಬಾಂಬೆ ಸರ್ಕಾರದ ವಾಸ್ತುಶಿಲ್ಪಿ, ಆ ಬೆಗ್‌ಗೆ ಸಹಾಯಕರಾಗಿದ್ದವರು ವಿಟೆಟ್.

ಮಾಟುಂಗಾ_ಮಾಮಿ
ಪೋಸ್ಟಾಫೀಸಿಗೆ ಕಳಿಸಿದ ನಮಸ್ಕಾರ ಅಲ್ವಾ, ಸರಿಯಾದ ವಿಳಾಸಕ್ಕೆ ಅವರೇ ತಲುಪಿಸುತ್ತಾರೆ ಬಿಡಿ.

ತಿರುಗಾಲ_ತಿಪ್ಪ
😄 ಮಾಮಿ ಗೆದ್ದರು.

ಹಾಗಾದರೆ ಇಬ್ಬರೂ ವಿಜಾಪುರದ ಹಿಂದೆ ಬಿದ್ದದ್ದು ಯಾಕೆ? ಸ್ಕಾಟ್ಲೆಂಡಿನವರಿಗೆ ಆದಿಲ್ ಶಾಹಿ ಯಾಕೆ ಬೇಕಾಯಿತು?

ಪುಣೆಯ_ಕನ್ನಡತಿ
ಇದಕ್ಕೆ ನಾನು ಹೇಳುತ್ತೇನೆ. ಆಗ ವಿಜಾಪುರ ಬಾಂಬೆ ಪ್ರೆಸಿಡೆನ್ಸಿಯ ಜಿಲ್ಲೆ. ಧಾರವಾಡ, ಬೆಳಗಾವಿ, ಕಾರವಾರ ಎಲ್ಲ ಅದೇ ಸರ್ಕಾರದ ಕೆಳಗೆ. 1956ರ ತನಕ ಇವೆಲ್ಲ ಮುಂಬೈ ಕಡೆಗೇ ಇದ್ದವು. ಸರ್ಕಾರಿ ವಾಸ್ತುಶಿಲ್ಪಿಗೆ ವಿಜಾಪುರ ಪರದೇಶ ಅಲ್ಲ, ತನ್ನ ಕಚೇರಿಯ ವ್ಯಾಪ್ತಿಯ ಊರು. ಹೆನ್ರಿ ಕಸಿನ್ಸ್ ಅನ್ನುವವರು ಪುರಾತತ್ವ ಇಲಾಖೆಯ ಕೆಲಸ ಮಾಡಿಕೊಂಡು ವಿಜಾಪುರದ ಒಂದೊಂದು ಕಟ್ಟಡವನ್ನೂ ಅಳೆದು ಚಿತ್ರ ಬರೆಸಿದರು. 1916ರಲ್ಲಿ ಅದು ದೊಡ್ಡ ಪುಸ್ತಕವಾಗಿ ಬಂತು.

ಇನ್ನೊಂದು ವಿಷಯ. ಅದಕ್ಕಿಂತ ಹಿಂದಿನ ಸಾಹೇಬರು ಮುಂಬೈ ತುಂಬ ಗೋಥಿಕ್ ಕಟ್ಟಿದ್ದರು. ವಿಟಿ ಸ್ಟೇಷನ್, ಹೈಕೋರ್ಟ್, ಯೂನಿವರ್ಸಿಟಿ ಗಡಿಯಾರದ ಗೋಪುರ, ಎಲ್ಲ ಚೂಪು ಚೂಪು. ಬೆಗ್, ವಿಟೆಟ್ ಬರುವ ಹೊತ್ತಿಗೆ ಅದು ಸಾಕಾಗಿತ್ತು. ಇಲ್ಲಿಯದೇ ರೂಪ ತೆಗೆದುಕೊಳ್ಳೋಣ ಅನ್ನುವ ಗಾಳಿ ಬೀಸಿತ್ತು. ಪ್ರೀತಿ ಮಾತ್ರ ಅಲ್ಲ, ರಾಜಕೀಯವೂ ಇತ್ತು. ಮೊಘಲರ, ಸುಲ್ತಾನರ ಜಾಗದಲ್ಲಿ ಈಗ ನಾವು ಕೂತಿದ್ದೇವೆ ಅಂತ ಕಲ್ಲಿನಲ್ಲಿ ಬರೆದು ತೋರಿಸುವ ಆಸೆ.

ಸುಮ್ನೆ_ಓದೋನು
ಅಂದರೆ ಕಾಪಿ. ನಾನು ಮೊದಲೇ ಹೇಳಿದೆ.

ಪುಣೆಯ_ಕನ್ನಡತಿ
ನೀವು ಸುಮ್ನೆ ಓದಿ ಸರ್. ಹೆಸರಿಗೆ ತಕ್ಕ ಹಾಗೆ.

ಕಾಪು_ಟು_ಕಲ್ಯಾಣ್
ಗೇಟ್‌ವೇ ಬಗ್ಗೆ ಯಾರೂ ಮಾತಾಡಲಿಲ್ಲ. ಊರಿಂದ ಯಾರು ಬಂದರೂ ಅಲ್ಲಿಗೆ ಕರೆದುಕೊಂಡು ಹೋಗಬೇಕು ನಾವು, ಹಾಗಾಗಿ ಅದರ ಕತೆ ಬಾಯಿಪಾಠ. 1911 ಡಿಸೆಂಬರ್ 2ಕ್ಕೆ ಐದನೇ ಜಾರ್ಜ್, ರಾಣಿ ಮೇರಿ ಹಡಗಿನಿಂದ ಇಳಿದರಲ್ಲ, ಅವರ ನೆನಪಿಗೆ ಈ ಕಟ್ಟಡ. ತಮಾಷೆ ಏನು ಗೊತ್ತುಂಟಾ? ರಾಜ ಬಂದಾಗ ಅಲ್ಲಿ ಇದ್ದದ್ದು ರಟ್ಟಿನ ಮಂಟಪ! ವಿಟೆಟ್ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1914ರಲ್ಲಿ. ಆಮೇಲೆ ಸಮುದ್ರಕ್ಕೆ ಮಣ್ಣು ತುಂಬಿದರು. ಕಟ್ಟಡ ಮುಗಿದು ವೈಸರಾಯ್ ರೀಡಿಂಗ್ ಉದ್ಘಾಟನೆ ಮಾಡಿದ್ದು 1924 ಡಿಸೆಂಬರ್ 4ಕ್ಕೆ. ಖರ್ಚು ಸುಮಾರು 21 ಲಕ್ಷ. ನೆಂಟರು ಬಂದು ಹೋಗಿ ಹದಿಮೂರು ವರ್ಷ ಆದಮೇಲೆ ಚಪ್ಪರ ಎದ್ದಿತು!

ಅದೇ ಬಾಗಿಲಿನಿಂದ 1948 ಫೆಬ್ರವರಿ 28ಕ್ಕೆ ಬ್ರಿಟಿಷರ ಕೊನೆಯ ಪಡೆ ಹಡಗು ಹತ್ತಿತು. ಇದನ್ನು ಹೇಳುವಾಗ ಮಾತ್ರ ನಾನು ಸ್ವಲ್ಪ ಎದೆ ಉಬ್ಬಿಸುತ್ತೇನೆ.

ಗೆರೆ_ಮತ್ತು_ಅಳತೆ
ಗೇಟ್‌ವೇಯಲ್ಲಿ ಇನ್ನೊಂದು ಗಮನಿಸಿ. ಮುಂದಿನ ರಸ್ತೆಯಿಂದ ಬಂದರೆ ಅದು ನೇರಕ್ಕೆ ಸಿಗಲ್ಲ, ಓರೆಯಾಗಿ ನಿಂತಿದೆ. ಅದರ ಎದುರಿಗೆ ನೇರವಾದ ದೊಡ್ಡ ರಸ್ತೆ ಮಾಡುವ ಯೋಜನೆ ಇತ್ತು. ದುಡ್ಡು ಸಾಲಲಿಲ್ಲ, ರಸ್ತೆ ಬರಲೇ ಇಲ್ಲ. ಮನೆ ಕಟ್ಟಿ ಕಾಂಪೌಂಡಿಗೆ ಕಾಸಿಲ್ಲದ ನಮ್ಮ ಹಾಗೆ.

ರೂಪ 16ನೇ ಶತಮಾನದ ಗುಜರಾತಿನದು. ಜಾಲಂದ್ರದ ಕಲ್ಲು ಗ್ವಾಲಿಯರ್‌ನಿಂದ ಬಂತು. ಗೋಡೆಗೆ ಖರೋಡಿಯ ಹಳದಿ ಕಲ್ಲು. ಆದರೆ ಒಳಗೆ ಕಬ್ಬಿಣ ಹಾಕಿದ ಕಾಂಕ್ರೀಟೂ ಇದೆ. ಅಂದರೆ ಹೊರಗೆ ಅಹಮದಾಬಾದ್, ಒಳಗೆ ಆ ಕಾಲದ ಹೊಸ ತಂತ್ರ. ತಿಪ್ಪಣ್ಣನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅನಿಸುತ್ತದೆ ನನಗೆ. ವಿಟೆಟ್‌ಗೆ ಮುಖ ಅನ್ನುವುದು ಬಟ್ಟೆ ಇದ್ದ ಹಾಗೆ. ಎಲ್ಲಿಗೆ ಹೋಗುತ್ತೇವೆ ಅಂತ ನೋಡಿ ಹಾಕಿಕೊಳ್ಳುವುದು. ಮ್ಯೂಸಿಯಂ ಅಂದರೆ ದೇಶದ ಹಳೆಯ ವಸ್ತು ಇಡುವ ಜಾಗ, ಅದಕ್ಕೆ ದಖ್ಖನಿ ಬಟ್ಟೆ. ವಿಜ್ಞಾನದ ಕಾಲೇಜಿಗೆ ಯುರೋಪಿನ ಬಟ್ಟೆ. ಬಂದರಿನ ಪಕ್ಕದ ವ್ಯಾಪಾರದ ಆಫೀಸುಗಳಿಗೆ ಕೋಟು ಟೈ.

ಅಡ್ಡಬಾಯಿ
ಆ ಆಯ್ಕೆಯಲ್ಲೇ ನನಗೆ ತಕರಾರು ಇರುವುದು. ಹಳೆಯ ವಸ್ತು ಇಡೋಕೆ ಭಾರತದ ಬಟ್ಟೆ, ವಿಜ್ಞಾನಕ್ಕೆ ಯುರೋಪಿನ ಬಟ್ಟೆ. ಭಾರತ ಅಂದರೆ ಹಿಂದಿನದು, ಯುರೋಪ್ ಅಂದರೆ ಮುಂದಿನದು ಅಂತ ಕಟ್ಟಡವೇ ಹೇಳುತ್ತಿದೆ. ಇದು ಯಾರಿಗೂ ಚುಚ್ಚಲ್ವಾ?

ಗೆರೆ_ಮತ್ತು_ಅಳತೆ
ಚುಚ್ಚುತ್ತದೆ. ಈ ಮಾತನ್ನು ಒಪ್ಪುತ್ತೇನೆ. ನಾನು ಹಾಗೆ ಯೋಚನೆ ಮಾಡಿರಲಿಲ್ಲ.

ವಿಜಾಪುರ_ಹುಡುಗ
ದಾಖಲೆ ಮಾಡಿಕೊಳ್ಳಿ, ಗೆರೆ ಸಾಹೇಬರು ಮೊದಲ ಸಲ ಸೋತರು.

ಡಾಕ್ಟ್ರು_ರಜೆಯಲ್ಲಿ
ಅಡ್ಡಬಾಯಿಯವರೆ, ನಿಮ್ಮ ಮಾತು ಚೆನ್ನಾಗಿದೆ, ಆದರೆ ಅದಕ್ಕೊಂದು ಬಾಲ ಸೇರಿಸುತ್ತೇನೆ. ಸೈನ್ಸ್ ಇನ್‌ಸ್ಟಿಟ್ಯೂಟಿನ ಕಲ್ಲಿಗೆ ದುಡ್ಡು ಕೊಟ್ಟವರು ಇಲ್ಲಿಯ ಸೇಟುಗಳು. ಕೋವಾಸ್ಜಿ ಜಹಾಂಗೀರ್ ಪಾರ್ಸಿ, ಜೇಕಬ್ ಸಸೂನ್ ಯಹೂದಿ, ಕರೀಂಭಾಯ್ ಇಬ್ರಾಹಿಂ ಖೋಜಾ, ವಸನ್‌ಜಿ ಮೂಲ್‌ಜಿ ಗುಜರಾತಿ. ನಾಲ್ಕು ಜಾತಿ, ಒಂದು ಕಾಲೇಜು. ಸರ್ಕಾರ ನಕ್ಷೆ ಕೊಟ್ಟಿತು, ಊರು ದುಡ್ಡು ಕೊಟ್ಟಿತು. ಅಲ್ಲಿಯ ದುಂಡು ಮುಖದ ಕೋವಾಸ್ಜಿ ಜಹಾಂಗೀರ್ ಹಾಲ್ 1996ರಿಂದ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ.

ಕೆಇಎಂ ಕತೆ ಇನ್ನೂ ಗಟ್ಟಿ. ಅದರ ಜೊತೆಗಿರುವ ಮೆಡಿಕಲ್ ಕಾಲೇಜಿಗೆ ಗೋರ್ಧನ್‌ದಾಸ್ ಸುಂದರ್‌ದಾಸ್ ಅವರ ಹೆಸರು. ಅವರ ಟ್ರಸ್ಟಿನವರು ದುಡ್ಡು ಕೊಡುವಾಗ ಒಂದು ಷರತ್ತು ಹಾಕಿದರು. ಪಾಠ ಹೇಳುವವರು ಭಾರತೀಯರೇ ಆಗಿರಬೇಕು, ಸರ್ಕಾರಿ ನೌಕರಿಯಲ್ಲಿ ಇರಬಾರದು. ಆಗ ದೊಡ್ಡ ಹುದ್ದೆಗಳೆಲ್ಲ ಬಿಳಿಯರ ಪಾಲಾಗಿದ್ದವಲ್ಲ! ಅಂದರೆ ಸಾಹೇಬರನ್ನು ಹೊರಗಿಡುವ ಕಾಲೇಜಿಗೆ ನಕ್ಷೆ ಬರೆದವರು ಒಬ್ಬ ಸಾಹೇಬರು. ಆಸ್ಪತ್ರೆ ಶುರುವಾದದ್ದು 1926ರಲ್ಲಿ.

ನಾನು ಓದಿದ್ದು ಬೇರೆ ಊರಿನಲ್ಲಿ, ಆದರೆ ಅಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಫ್ಯಾನ್ ನಿಂತರೂ ಉಸಿರು ಕಟ್ಟುವುದಿಲ್ಲ ಆ ವರಾಂಡಾಗಳಲ್ಲಿ. ನನ್ನ ಈಗಿನ ಆಸ್ಪತ್ರೆಯಲ್ಲಿ ಎಸಿ ಕೆಟ್ಟರೆ ರೋಗಿಗಿಂತ ಮೊದಲು ನಾವು ಮಲಗಬೇಕು.

ಕಾಪು_ಟು_ಕಲ್ಯಾಣ್
ಡಾಕ್ಟ್ರೇ, ಯಾವ ಆಸ್ಪತ್ರೆ ಅಂತ ಹೇಳಬೇಡಿ, ಕೆಲಸ ಹೋಗುತ್ತದೆ.

ಹೊಸಬ_ನಾನು
ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಮುಖ್ಯ ಕಟ್ಟಡವೂ ಇವರದೇ ಅಲ್ವಾ? ಗೋಪುರ ಇದೆಯಲ್ಲ, ಮುಂದೆ ಜಮ್‌ಷೆಟ್‌ಜಿ ಪ್ರತಿಮೆ.

ಗೆರೆ_ಮತ್ತು_ಅಳತೆ
ಅಲ್ಲ. ಅದು ಸಿ.ಎಫ್. ಸ್ಟೀವನ್ಸ್. ಮುಂಬೈಯವರೇ. ವಿಟಿ ಸ್ಟೇಷನ್ ಕಟ್ಟಿದ ಎಫ್.ಡಬ್ಲ್ಯೂ. ಸ್ಟೀವನ್ಸ್ ಅವರ ಮಗ. ಅಪ್ಪನ ಗೋಥಿಕ್ ಚೂಪು ಮಗನಿಗೆ ಬರಲಿಲ್ಲ, ನಮ್ಮ ಪುಣ್ಯ.

ಆದರೆ ಬೆಂಗಳೂರಿಗೂ ವಿಟೆಟ್ ಕಟ್ಟಡಕ್ಕೂ ಒಂದು ತೆಳು ದಾರ ಇದೆ. ಹೋಮಿ ಭಾಭಾ ಕೇಂಬ್ರಿಡ್ಜ್‌ಗೆ ಹೋಗುವ ಮೊದಲು ಓದಿದ್ದು ಈ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನಲ್ಲಿ ಇದ್ದರು, ಅಲ್ಲೇ 1945ರಲ್ಲಿ ಟಿಐಎಫ್ಆರ್ ಅನ್ನುವ ಟಾಟಾ ಮೂಲವಿಜ್ಞಾನ ಸಂಶೋಧನಾ ಸಂಸ್ಥೆ ಶುರು ಮಾಡಿ ಅದೇ ವರ್ಷ ಮುಂಬೈಗೆ ತಂದರು.

ಹೊಸಬ_ನಾನು
ಧಾರವಾಡದ ಕರ್ನಾಟಕ ಕಾಲೇಜ್? ಅದೂ ಬಾಂಬೆ ಸರ್ಕಾರದ್ದು.

ಪುಣೆಯ_ಕನ್ನಡತಿ
ಕಾಲೇಜು 1917ರಲ್ಲಿ ಶುರುವಾಯಿತು, ಕಟ್ಟಡ ಮಾತ್ರ ಅದಕ್ಕಿಂತ ಹಳೆಯದು. ಮೊದಲು ಅದು ಸದರ್ನ್ ಮರಾಠಾ ರೈಲ್ವೆಯ ಕಚೇರಿ. ನನ್ನ ಅಜ್ಜ ಅಲ್ಲಿ ಓದಿದವರು. ಕ್ಲಾಸಿಗೆ ತಡವಾದರೆ ಗಾಡಿ ಬಿಟ್ಟಿತು ಅನ್ನುತ್ತಿದ್ದರಂತೆ.

ಮಾಟುಂಗಾ_ಮಾಮಿ
ಬಾಂಬೆ ಹೌಸ್ ಅಂದರೆ ನನಗೆ ನೆನಪಾಗುವುದು ನಾಯಿಗಳು. ಟಾಟಾದವರ ಆ ಆಫೀಸಿನ ಬಾಗಿಲಲ್ಲಿ ಬೀದಿ ನಾಯಿಗಳು ರಾಜನ ಹಾಗೆ ಮಲಗಿರುತ್ತಿದ್ದವು. ದೊಡ್ಡ ದೊಡ್ಡ ಸಾಹೇಬರು ಪಕ್ಕಕ್ಕೆ ಸರಿದು ಹೋಗಬೇಕು. 2018ರಲ್ಲಿ ಒಳಗೆಲ್ಲ ರಿಪೇರಿ ಮಾಡಿದಾಗ ನಾಯಿಗಳಿಗೆ ಅಂತ ಬೇರೆ ಕೋಣೆಯನ್ನೇ ಮಾಡಿದರು. ನನ್ನ ಮಗನಿಗೆ ಈ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ ನೋಡಿ.

ಸುಮ್ನೆ_ಓದೋನು
ಮೊದಲ ಸಲ ಈ ಚರ್ಚೆಯಲ್ಲಿ ಕೆಲಸದ ಮಾಹಿತಿ ಬಂತು.

ನಿರ್ವಾಹಕ
ನಾಯಿಗಳ ಫೋಟೊ ಹಾಕುವವರು ಬೇರೆ ಎಳೆ ಶುರು ಮಾಡಿ. ಇಲ್ಲಿ ವಿಟೆಟ್.

ಅಡ್ಡಬಾಯಿ
ನಿರ್ವಾಹಕರೆ, ನಾಯಿ ಮಲಗಿದ್ದು ವಿಟೆಟ್ ಮೆಟ್ಟಿಲ ಮೇಲೆ. ವಿಷಯದ ಒಳಗೇ ಇದೆ.

ಇರಲಿ. ಬಾಂಬೆ ಹೌಸ್ 1924ರದು. ಆ ಹೊತ್ತಿಗೆ ವಿಟೆಟ್ ಸರ್ಕಾರಿ ಕೆಲಸ ಬಿಟ್ಟು ಟಾಟಾ ಕಂಪನಿ ಸೇರಿದ್ದರು, 1919ರಲ್ಲಿ. ಆಗಲೇ ಖಾಸಗಿ ಕಂಪನಿಯ ಸಂಬಳ ಜಾಸ್ತಿ ಇತ್ತೋ ಏನೋ. ಅದಕ್ಕೆ ಎರಡು ವರ್ಷ ಮುಂಚೆ, 1917ರಲ್ಲಿ, ಇಲ್ಲಿಯ ಆರ್ಕಿಟೆಕ್ಟ್ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿದರು. ಮೊದಲ ಅಧ್ಯಕ್ಷರು ವಿಟೆಟ್. ಅದೇ ಬೆಳೆದು ಇಂದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಆಯಿತು. ಅವರನ್ನು ಬೈಯುತ್ತಿದ್ದರೂ ಇದನ್ನು ಹೇಳದೆ ಇರಬಾರದು.

ತಿರುಗಾಲ_ತಿಪ್ಪ
ಇಷ್ಟೊಂದು ಕಟ್ಟಿದವರಿಗೆ ಎಷ್ಟು ವಯಸ್ಸಾಗಿತ್ತು? ಯಾರೋ ಮುದುಕರು ಅಂದುಕೊಂಡಿದ್ದೆ.

ಅಡ್ಡಬಾಯಿ
ಹುಟ್ಟಿದ್ದು 1878, ಸ್ಕಾಟ್ಲೆಂಡಿನ ಬ್ಲೇರ್ ಅಥೋಲ್. ಇಲ್ಲಿಗೆ ಬಂದದ್ದು 1904ರಲ್ಲಿ. ಸತ್ತದ್ದು 1926 ಸೆಪ್ಟೆಂಬರ್‌ನಲ್ಲಿ, ಮುಂಬೈಯಲ್ಲೇ. ಆಮಶಂಕೆ. 48 ತುಂಬಿರಲಿಲ್ಲ. ಸಮಾಧಿ ಶಿವ್ಡಿಯ ಕ್ರೈಸ್ತ ಸ್ಮಶಾನದಲ್ಲಿ.

ಡಾಕ್ಟ್ರು_ರಜೆಯಲ್ಲಿ
ಕೆಇಎಂ ಶುರುವಾದ ವರ್ಷವೇ. ಅಷ್ಟು ದೊಡ್ಡ ಆಸ್ಪತ್ರೆಗೆ ನಕ್ಷೆ ಬರೆದವರನ್ನು ಭೇದಿ ಕೊಂದಿತು. ಆಗ ಆ್ಯಂಟಿಬಯಾಟಿಕ್ ಇಲ್ಲ.

ಮಾಟುಂಗಾ_ಮಾಮಿ
ಅಯ್ಯೋ ಪಾಪ.

ವಿಜಾಪುರ_ಹುಡುಗ
ಇದು ಗೊತ್ತಿರಲಿಲ್ಲ. 22 ವರ್ಷದಲ್ಲಿ ಇಷ್ಟು ಕೆಲಸ! ನಮ್ಮ ಬೀದಿಯ ಚರಂಡಿ ಕೆಲಸ ಇನ್ನೂ ಮುಗಿದಿಲ್ಲ.

ಕರಾಚಿ_ಹಲ್ವಾ
ಯಾರೂ ಹೇಳದೆ ಬಿಟ್ಟದ್ದು: ಕರಾಚಿ ಪೋರ್ಟ್ ಟ್ರಸ್ಟ್ ಕಟ್ಟಡವೂ ವಿಟೆಟ್ ಅವರದು. 1916ರ ಜನವರಿಯಲ್ಲಿ ತೆರೆದರು. ಕರಾಚಿಯೂ ಆಗ ಬಾಂಬೆ ಪ್ರೆಸಿಡೆನ್ಸಿ. ಅದಕ್ಕೂ ಗುಮ್ಮಟ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅದು ಮಿಲಿಟರಿ ಆಸ್ಪತ್ರೆ ಆಗಿತ್ತು.

ಪುಣೆಯ_ಕನ್ನಡತಿ
ನಮ್ಮ ಮ್ಯೂಸಿಯಂ ಕತೆಯೂ ಅದೇ! 1905ರಲ್ಲಿ ಅಡಿಗಲ್ಲು, 1909ರಲ್ಲಿ ಸ್ಪರ್ಧೆ ಇಟ್ಟು ವಿಟೆಟ್ ನಕ್ಷೆ ಆರಿಸಿದರು, 1914ರಲ್ಲಿ ಕಟ್ಟಡ ಎದ್ದಿತು. ಅಷ್ಟರಲ್ಲಿ ಯುದ್ಧ. ಮೊದಲು ಅಲ್ಲಿ ಮಲಗಿದ್ದು ಗಾಯಗೊಂಡ ಸೈನಿಕರು. ಮ್ಯೂಸಿಯಂ ಅಂತ ಬಾಗಿಲು ತೆರೆದದ್ದು 1922 ಜನವರಿ 10ಕ್ಕೆ. ಇನ್ನೂ ಒಂದು ಹೇಳುತ್ತೇನೆ, ನಡುಮನೆಯ ಮೊದಲ ಮಹಡಿಯಲ್ಲಿ ದುಂಡಗೆ ಮರದ ಕಂಬಗಳ ಸಾಲು ಇದೆ. ಅದು ನಾಸಿಕದ ಹಳೆಯ ವಾಡೆಯೊಂದರದು. ಅದನ್ನು ತಂದು ಇಲ್ಲಿ ಕೂರಿಸಿದರು. ಮೇಲೆ ವಿಜಾಪುರದ ಕಮಾನು, ಕೆಳಗೆ ನಾಸಿಕದ ಮರ.

ಗೆರೆ_ಮತ್ತು_ಅಳತೆ
ಕಲ್ಲನ್ನು ಮರೆಯಬೇಡಿ. ಮ್ಯೂಸಿಯಂಗೆ ಕುರ್ಲಾದ ಬೂದು ಕಲ್ಲು, ಮಲಾಡಿನ ಹಳದಿ ಕಲ್ಲು. ಎರಡೂ ಇವತ್ತು ಲೋಕಲ್ ಸ್ಟೇಷನ್ ಹೆಸರು. ಬಲ್ಲಾರ್ಡ್ ಎಸ್ಟೇಟಿನ 22 ಎಕರೆ ನೆಲವೂ ಪಕ್ಕದ ಅಲೆಕ್ಸಾಂಡ್ರಾ ಡಾಕ್ ತೋಡಿದಾಗ ಬಂದ ಮಣ್ಣು. ತಿಪ್ಪಣ್ಣ, ಅವರ ಸ್ವಂತ ಶೈಲಿ ಯಾವುದು ಅಂತ ಕೇಳಿದಿರಿ. ಬಟ್ಟೆ ಎಷ್ಟು ಬದಲಾದರೂ ಮೈ ಮಾತ್ರ ಇದೇ ಊರಿನ ಕಲ್ಲು ಮಣ್ಣು. ನನ್ನ ಮಟ್ಟಿಗೆ ಅದೇ ಅವರ ಶೈಲಿ.

ಸುಮ್ನೆ_ಓದೋನು
ಕಲ್ಲು ಸಿಗುವ ಕಡೆ ಕಲ್ಲಿನಲ್ಲಿ ಕಟ್ಟಿದ್ದು ಶೈಲಿನಾ? ಹಾಗಾದರೆ ನಮ್ಮ ಶಹಾಬಾದಿನ ದನದ ಕೊಟ್ಟಿಗೆಗೂ ಶೈಲಿ ಇದೆ.

ಗೆರೆ_ಮತ್ತು_ಅಳತೆ
ಇದೆ. ನಿಜವಾಗಿ ಇದೆ. ಫೋಟೊ ಹಾಕಿ, ಅದರ ಬಗ್ಗೆ ಬೇರೆ ಎಳೆ ಬರೆಯುತ್ತೇನೆ.

ತಿರುಗಾಲ_ತಿಪ್ಪ
ಇವತ್ತು ಮಧ್ಯಾಹ್ನ ಎರಡು ತಾಸು ಪರ್ಮಿಷನ್ ತೆಗೆದುಕೊಂಡು ಮತ್ತೆ ಮ್ಯೂಸಿಯಂಗೆ ಹೋಗಿದ್ದೆ. ಮೊನ್ನೆ ನಾನು ನಡುಮನೆಯಲ್ಲಿ ಸೀದಾ ವಿಗ್ರಹಗಳ ಕಡೆ ನಡೆದುಬಿಟ್ಟಿದ್ದೆ, ಮೇಲೆ ನೋಡಿರಲೇ ಇಲ್ಲ. ಇವತ್ತು ನಡುವೆ ನಿಂತು ಕತ್ತು ಎತ್ತಿದೆ. ಗೆರೆ ಸರ್ ಹೇಳಿದ ರಂಗೋಲಿ ಕಂಡಿತು. ಒಂದು ಕಮಾನಿನ ಬೆನ್ನು ಹಿಡಿದು ಹೋದರೆ ಇನ್ನೊಂದು ಬಂದು ಅಡ್ಡ ನಿಲ್ಲುತ್ತದೆ. ಎಣಿಸೋಕೆ ಶುರು ಮಾಡಿದೆ. ಅಷ್ಟರಲ್ಲಿ ಯಾವುದೋ ಸ್ಕೂಲಿನ ಮಕ್ಕಳು ಬಂದರು. ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದದ್ದು ಕಂಡು ಒಬ್ಬ ಹುಡುಗ ನೋಡಿದ. ಆಮೇಲೆ ಎಲ್ಲರೂ ನೋಡಿದರು. ಮೇಲೆ ಪಾರಿವಾಳ ಇದೆಯಾ ಅಂತ ಒಬ್ಬಳು ಕೇಳಿದಳು. ಎಣಿಕೆ ತಪ್ಪಿಹೋಯಿತು.

ವಿಜಾಪುರ_ಹುಡುಗ
ಊರಿಗೆ ಯಾವ ಗಾಡಿ?

ತಿರುಗಾಲ_ತಿಪ್ಪ
ಗದಗಿಗೆ ಹೋಗುವ ಎಕ್ಸ್‌ಪ್ರೆಸ್. ಗದಗಿನಲ್ಲಿ ಅಕ್ಕನ ಮನೆಯಲ್ಲಿ ಒಂದು ದಿನ ಇದ್ದು ಹೋಗೋಣ ಅಂತ.

ವಿಜಾಪುರ_ಹುಡುಗ
ಅದು ನಮ್ಮೂರ ಮೇಲೇ ಹೋಗುತ್ತದೆ. ಇಳೀರಿ. ನಾನು ಸ್ಟೇಷನ್ನಿಗೆ ಬರುತ್ತೇನೆ. ಎಂಟೂ ಎಣಿಸೋಣ. ಪಾರಿವಾಳ ನಮ್ಮಲ್ಲಿ ನಿಜವಾಗಿಯೂ ಇವೆ.